ಗುರುವಾರದ ಹಾಳೆ

ರಾಹುಕಾಲ ನೋಡಲು ಪಾಪಯ್ಯ ಗೋಡೆಯ ಕ್ಯಾಲೆಂಡರಿಗೆ ಕೈಹಾಕಿದಾಗ ಅದೇ ಓಣಿಯ ವೇಣಿ ಹೆಣದ ಕಾಲ ಬಳಿ ಊದುಬತ್ತಿಯ ಬೂದಿ ಬಳಿಯುತ್ತಿದ್ದಳು. ಚಿಕ್ಕಮುನಿಯಪ್ಪನವರು ಆಸ್ಪತ್ರೆ ಸೇರಿದ ಭಾನುವಾರದಲ್ಲೇ ಕ್ಯಾಲೆಂಡರು ನಿಂತುಬಿಟ್ಟಿತ್ತು. ದಿನಕ್ಕೊಂದು ಹಾಳೆ ಹರಿಯುತ್ತಿದ್ದ ಕೈ ಈಗ ಚೆಂಡುಹೂವಿನ ಕೆಳಗೆ ತಣ್ಣಗಿತ್ತು.

ಗೂಟಕ್ಕೆ ತೂಗುಹಾಕಿದ್ದ ಅವರ ಖಾಕಿ ಚೀಲದ ಕಡೆಗೆ ವೇಣಿಯ ಕಣ್ಣು ಆಗಾಗ ಹೋಗಿ ಬರುತ್ತಿತ್ತು. ಅದರೊಳಗೆ ಅವಳಿಗಾಗಿ ಅವರು ಬರೆದಿಟ್ಟ ಅಪೀಲಿತ್ತು. ಪೀಣ್ಯದ ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ಜವಾನಿಕೆ ಮಾಡಿದ ಅವಳನ್ನು ಬಿಟ್ಟು, ಅವಳ ನಂತರ ಸೇರಿದ ಇಬ್ಬರಿಗೆ ಗುಮಾಸ್ತರ ಬಡ್ತಿ ಕೊಟ್ಟಿದ್ದರು. ಸಾಹೇಬರ ನೀರಿನ ಜಗ್ಗು ಮುಟ್ಟಬೇಡ ಎಂದವರೇ ಆ ಪಟ್ಟಿಯನ್ನೂ ಮಾಡಿದ್ದರು. ಅವಳ ದೂರನ್ನು ತಳ್ಳಿಹಾಕಿದ ಆದೇಶ ಕೈಸೇರಿದ ಮೂರು ತಿಂಗಳೊಳಗೆ ಮೇಲಿನ ಕಚೇರಿಗೆ ಅಪೀಲು ಕೊಡಬೇಕು. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಾವಿನ ಮನೆಯಲ್ಲಿ ನನ್ನ ಕಾಗದ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ದೇವರು ಇಟ್ಟಂತಾಗಲಿ ಎಂದು ಬೆಳಗಿನಿಂದ ಸುಮ್ಮನಿದ್ದಳು.

ಸತ್ತವರ ಅಣ್ಣ ಪಾಪಯ್ಯ ನಾಲ್ಕು ಹಾಳೆ ಹರಿದು ಗುರುವಾರಕ್ಕೆ ಬಂದರು.

"ಒಂದೂವರೆಯಿಂದ ಮೂರು ರಾವುಕಾಲ. ಗುಂಡಿ ಇನ್ನೂ ತೋಡ್ತಾವ್ರೆ. ಮೂರಾದ್ಮ್ಯಾಕೆ ಎತ್ತಾಣ. ಇದೇನ್ಲಾ, ಇಲ್ಲೇನೋ ಗೀಚವ್ನೆ?"

ಅವರ ಮಗ ಬಾಲಾಜಿ ಬಗ್ಗಿ ಓದಿದ. "ಚಿಕ್ಕಪ್ಪನ ಅಕ್ಷರ. 'ವೇಣಿ. ಅಪೀಲು. ಇವತ್ತೇ ಕೊನೆ.'"

ತಲೆಯ ಬಳಿ ಕೂತಿದ್ದ ಮಾರಕ್ಕ ಗಂಡನ ಮುಖದಿಂದ ಕಣ್ಣೆತ್ತಿದರು. "ಔದೇನಮ್ಮಿ?"

"ಇರ್ಲಿ ಬಿಡಿ ದೊಡ್ಡಮ್ಮ."

"ಬಾಲಾಜಿ, ಆ ಚೀಲ ಇಳಿಸಪ್ಪ."

ಪಾಪಯ್ಯ ಅಡ್ಡ ಬಂದರು. "ಎಣ ಎತ್ತೋಕ್ ಮುಂಚೆ ಒಸ್ಲು ದಾಟೋದುಂಟಾ? ಅದೂ ಮೀಯ್ದೆ ಕಚೇರಿ ಮೆಟ್ಲು ಅತ್ತೋದಾ?"

"ಮಿಂದು ಓದಾಗ್ಲೂ ಅವ್ರು ನಮ್ಮನ್ನ ದೂರಾನೇ ನಿಲ್ಸಿದ್ದು. ಇವತ್ತೇನು ಒಸ್ದು?" ಎಂದರು ಮಾರಕ್ಕ. ಆಮೇಲೆ ದನಿ ತಗ್ಗಿಸಿ, "ಅತ್ತೆ ಓದ ದಿನಾನೂ ನೀವು ಇದೇ ಮಾತಂದ್ರಿ, ಬಾವ."

ಪಾಪಯ್ಯ ಕೈಯಲ್ಲಿದ್ದ ಹಳೆಯ ಹಾಳೆಗಳನ್ನು ಮಡಿಸುತ್ತ ನಿಂತರು.

*

ಆಗ ನಾಗಸಂದ್ರದ ಸುತ್ತ ರಾಗಿ ಹೊಲ. ಚಿಕ್ಕಮುನಿಯಪ್ಪ ತಪಾಲು ಚೀಲ ಹೊತ್ತು ಸೈಕಲ್ಲಿನಲ್ಲಿ ಪೀಣ್ಯದ ಕಾರ್ಖಾನೆಗಳನ್ನೆಲ್ಲ ಸುತ್ತುತ್ತಿದ್ದ ಸರ್ಕಾರಿ ಕಚೇರಿಯ ಜವಾನ. ಅವರ ಬಡ್ತಿಯೂ ಹೀಗೇ ಬೇರೆಯವರ ಪಾಲಾಗಿತ್ತು. ಅಪೀಲಿನ ಕೊನೆಯ ದಿನ ತಾಯಿ ತೀರಿಕೊಂಡರು. ಎತ್ತೋವರೆಗೂ ಇರು, ನಾಳೆ ಕೊಟ್ರಾಯ್ತು ಎಂದಿದ್ದರು ಪಾಪಯ್ಯ. ಮರುದಿನ ಕಿಟಕಿಯಿಂದ ಕಾಗದ ವಾಪಸು ಬಂತು: ಅವಧಿ ಮೀರಿದೆ. ಜವಾನರಾಗಿ ಸೇರಿದವರು ಜವಾನರಾಗಿಯೇ ನಿವೃತ್ತರಾದರು. ಅಣ್ಣನನ್ನು ಒಂದು ದಿನವೂ ದೂರಲಿಲ್ಲ.

ಅಲ್ಲಿಂದಾಚೆ ಪ್ರತಿ ಭಾನುವಾರ ಮುನೇಶ್ವರನ ಕಟ್ಟೆಯ ಮೇಲೆ, ಅರಳಿಮರದ ನೆರಳಲ್ಲಿ, ಕೇಳಿಬಂದವರಿಗೆಲ್ಲ ಅಪೀಲು ಬರೆದುಕೊಟ್ಟರು. ವೇಣಿ ಮೊದಲ ಸಲ ಹೋದಾಗ ಅವರು ಕೇಳಿದ್ದು ಆದೇಶವನ್ನಲ್ಲ, ಅದು ಬಂದ ಲಕೋಟೆಯನ್ನು. ಅಂಚೆ ಮೊಹರು ನೋಡಿ, ಬೆರಳು ಮಡಿಸಿ ದಿನ ಎಣಿಸಿ, ಮುನೇಶ್ವರನಿಗೆ ಕೈಮುಗಿದು ಪೆನ್ನು ತೆರೆದರು.

"ದೇವ್ರು ತಡವಾಗಿ ಬಂದೋರ್ನೂ ಒಳಗೆ ಬಿಟ್ಕೋತಾನೆ ಕಣಮ್ಮ. ತಪಾಲಿನೋರು ಬಿಡಲ್ಲ," ಎಂದು ನಕ್ಕಿದ್ದರು. ಎಲೆಯಡಿಕೆ ತಿಂದ ಕೆಂಪು ನಗೆ.

*

"ಗಾಡಿ ತಗಿಯಲಾ," ಎಂದರು ಪಾಪಯ್ಯ ಮಗನಿಗೆ. "ಮೆಟ್ರೊ ತಂಕ ಬಿಟ್ ಬಾ." ಚೀಲದಿಂದ ಕಾಗದ ತೆಗೆದುಕೊಂಡ ವೇಣಿ ಹೆಣದ ಪಾದ ಮುಟ್ಟಿ ಹಿಂಜರಿದಾಗ, "ಓಗಮ್ಮಿ. ನೀನು ಬರೋಗಂಟ ಅವ್ನೆಲ್ಲೂ ಓಗಕಿಲ್ಲ," ಎಂದರು.

ಕಾಯುತ್ತೇವೆಂಬ ಮಾತೇನೋ ಸುಲಭ. ಅವಳು ಮೇಲಿನ ಕಚೇರಿ ಮುಟ್ಟುವಷ್ಟರಲ್ಲಿ ತಪಾಲು ಕಿಟಕಿ ಊಟಕ್ಕೆ ಮುಚ್ಚಿತ್ತು. ಎರಡೂವರೆಗೆ ತೆರೆಯಿತು. ಗುಮಾಸ್ತ ಲಕೋಟೆಯ ಮೊಹರು ನೋಡಿದ, ಬೆರಳು ಮಡಿಸಿದ, ಅವಳ ಮುಖ ನೋಡಿದ.

"ಇವತ್ತೇ ಕೊನೆ ದಿನ ಅಲ್ವೇನಮ್ಮ? ಇಷ್ಟು ಹೊತ್ತು ಎಲ್ಲಿದ್ರಿ?"

"ಮನೇಲಿ ಸಾವಾಗಿದೆ, ಸಾರ್."

ಅವನು ಕುರ್ಚಿಯನ್ನು ಚೂರು ಹಿಂದೆ ಸರಿಸಿದ. ಆದರೂ ಮೊಹರು ಬಿತ್ತು. ಶಾಯಿ ಹೆಚ್ಚಾಗಿತ್ತು. ಪ್ರತಿಯನ್ನು ಅವಸರದಲ್ಲಿ ಎಳೆದುಕೊಂಡ ಅವಳ ಹೆಬ್ಬೆರಳೆಲ್ಲ ನೇರಳೆಯಾಯಿತು.

ನಾಗಸಂದ್ರಕ್ಕೆ ವಾಪಸು ಬಂದಾಗ ಮೂರೂಮುಕ್ಕಾಲು. ಓಣಿಯ ತಿರುವಿನಲ್ಲೇ ತಮಟೆಯವರು ಬೀಡಿ ಸೇದುತ್ತ ಕೂತಿದ್ದರು. ಮನೆ ಮುಂದೆ ಚಟ್ಟ ಹಾಗೇ ಇತ್ತು. ಹೊರಲು ಬಂದವರ ಜತೆ ಪಾಪಯ್ಯ ಜಗಳವಾಡುತ್ತಿದ್ದರು.

"ನಿಮ್ ಮೊಬೈಲ್ ಟೈಮು ನಂಗೇಳ್ಬೇಡ್ರಲಾ. ರಾವುಕಾಲ ಇನ್ನೂ ಬಿಟ್ಟಿಲ್ಲ ಅಂದ್ರೆ ಬಿಟ್ಟಿಲ್ಲ."

ವೇಣಿಯನ್ನು ಕಂಡರು. ಅವಳು ಪ್ರತಿಯನ್ನು ಎತ್ತಿ ತೋರಿಸಿದಳು. ಅಂಕಿ ಬಿಟ್ಟರೆ ಓದು ಬಾರದ ಪಾಪಯ್ಯ ದುಂಡನೆಯ ಮೊಹರನ್ನು ಬಹಳ ಹೊತ್ತು ನೋಡಿದರು. ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, "ಈಗ ಬಿಡ್ತು. ಎತ್ರಪ್ಪಾ," ಎಂದರು.

ಮಣ್ಣು ಮಾಡಿ, ಮಿಂದು, ದೀಪ ನೋಡಲು ಬಂದಾಗ ಸಂಜೆಯಾಗಿತ್ತು. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಸಣ್ಣಗೆ ಉರಿಯುತ್ತಿತ್ತು. ವೇಣಿ ಕ್ಯಾಲೆಂಡರಿನ ಮುಂದೆ ನಿಂತು ಒಂದೊಂದೇ ಹಾಳೆ ಎತ್ತಿದಳು. ಹದಿನಾರನೆಯದರಲ್ಲಿ ಅದೇ ಬಾಗಿದ ಅಕ್ಷರ: 'ಶೇಖವ್ವ. ಅಪೀಲು.' ಕಟ್ಟೆಗೆ ಬಂದಿದ್ದ ಇನ್ನೊಬ್ಬಳ ಕೊನೆಯ ದಿನ. ಅಲ್ಲಿ ಬೆರಳಿಟ್ಟು ಉಳಿದ ದಿನ ಎಣಿಸಿದಳು. ತೆಗೆದಾಗ ಒದ್ದೆ ಹೆಬ್ಬೆರಳಿನ ನೇರಳೆ ಗುರುತು ಆ ಹೆಸರಿನ ಕೆಳಗೆ ಉಳಿದಿತ್ತು.