ಮೇಲಿನ ಗುಂಡಿ

ಅಂಗಿಯ ಮೇಲಿನ ಗುಂಡಿಯನ್ನೂ ಬಿಗಿದುಕೊಂಡು ಅಮರೇಶಪ್ಪ ಜೀಪು ಹತ್ತಿದ. ಮೇ ತಿಂಗಳು. ಆಗಿನ್ನೂ ಮಧ್ಯಪ್ರದೇಶದಲ್ಲಿದ್ದ ಬಸ್ತರಿಗೆ ಹೈದರಾಬಾದಿನಿಂದ ಬಸ್ಸಿನಲ್ಲಿ ಬಂದು, ಕಾಂಗೇರ್ ಕಣಿವೆಯ ಕಾಡು, ಅಲ್ಲಿನ ಸುಣ್ಣಕಲ್ಲಿನ ಗುಹೆ ನೋಡಲು ಹೊರಟಿದ್ದರು.

“ಇಂಥಾ ಸೆಕಿಯೊಳಗ ಮದುಮಗನಂಗ ಬಿಗದೀಯಲ್ಲೋ,” ಎಂದರು ತಾಯಿ ಶರಣಬಸಮ್ಮ.

“ಕಾಡಿನ ಸೊಳ್ಳಿ ಕುತ್ತಿಗೀಗೇ ಕಡೀತಾವಂತ್ರಿ ಅತ್ತಿ,” ಎಂದು ಹೆಂಡತಿ ಶಿವದೇವಿ ಮುಖ ತಿರುಗಿಸಿ ನಕ್ಕಳು. ಅವಳಿಗೆ ಗೊತ್ತಿತ್ತು.

ಅವನ ಕೊರಳಲ್ಲಿ ಇಷ್ಟಲಿಂಗವಿರಲಿಲ್ಲ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಅವನು ಕೆಮಿಸ್ಟ್. ಪುಡಿ ತೂಗುವ ಕೋಣೆಗೆ ಹೋಗುವವರ ಮೈಮೇಲೆ ಉಂಗುರ, ದಾರ ಯಾವುದೂ ಇರಬಾರದು. ಮೊದಮೊದಲು ಸಂಜೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಬರುಬರುತ್ತ ಲಿಂಗ ದಿಲ್‌ಸುಖ್‌ನಗರದ ಮನೆಯ ಕಪಾಟಿನಲ್ಲಿ, ಬಟ್ಟೆಗಳ ಹಿಂದೆ ಉಳಿಯಿತು. ಅವನು ಆ ಕಡೆ ನೋಡಿಯೇ ಬಹಳ ದಿನವಾಗಿತ್ತು. ರಾಯಚೂರಿನಿಂದ ಬಂದು ಜೊತೆಗಿರುವ ತಾಯಿಗೆ ಇದು ತಿಳಿದರೆ ಎದೆಯೊಡೆದೀತು ಎಂಬುದೇ ಅವನ ಹೆದರಿಕೆ. ಅಂದು ಬೆಳಿಗ್ಗೆ ಲಾಡ್ಜಿನಲ್ಲಿ ಅವರು ಪೂಜೆಗೆ ಕುಳಿತಾಗಲೂ, “ನೀ ಏಳೂದರಾಗ ನಂದು ಆತವ್ವ,” ಎಂದಿದ್ದ. ಅವರು ಹ್ಞೂಂ ಎಂದಿದ್ದರು, ಅಷ್ಟೆ.

ದಾರಿಯಲ್ಲಿ ಸಾಲಮರದ ತುದಿಯಿಂದ ತುದಿಗೆ ಕೆಂಚಳಿಲು ಹಾರಿತು. ಗುಹೆಯ ಬಾಯಿ ಇಕ್ಕಟ್ಟು; ದೀಪದವನ ಹಿಂದೆ ಬಗ್ಗಿಕೊಂಡೇ ಇಳಿದರು. ಮಳೆಯ ನೀರು ಸುಣ್ಣಕಲ್ಲನ್ನು ಕರಗಿಸುವುದು, ಚಾವಣಿಗೆ ನೇತುಬಿದ್ದ ಪ್ರತಿ ಹನಿಯೂ ಕಣ್ಣಿಗೆ ಕಾಣದಷ್ಟು ಸುಣ್ಣ ಬಿಟ್ಟುಹೋಗುವುದು ಎಲ್ಲವನ್ನೂ ಅಮರೇಶಪ್ಪ ಬಿಡಿಸಿ ಹೇಳಿದ. ಕೊನೆಯ ಹೊಂಡದಲ್ಲಿ ಕಣ್ಣು ಕಾಣದ ಬಿಳಿಚು ಮೀನುಗಳಿದ್ದವು. ಅವನು ಬ್ಯಾಟರಿ ಬೆಳಕು ಬಿಟ್ಟಾಗ ಶರಣಬಸಮ್ಮ ಅವನ ಕೈ ಸರಿಸಿದರು.

“ಬ್ಯಾಡ ಬಿಡು. ಅವು ಕತ್ತಲಿಗೆ ಹೊಂದಿಕೊಂಡಾವ.”

ಹೊರಗೆ ಬಂದಾಗ ಕಾವಲುಗಾರ ಎಲ್ಲರ ಚೀಲ ನೋಡುತ್ತಿದ್ದ. ಗುಹೆಯ ಕಲ್ಲು ಮುರಿದು ಒಯ್ಯುವವರು ಹೆಚ್ಚಾಗಿದ್ದರು. ಶರಣಬಸಮ್ಮನ ಕೊರಳಿಗೆ ಜೋತಿದ್ದ ಬಿಳಿ ಬಟ್ಟೆಯ ದಪ್ಪ ಗಂಟು ಅವನ ಕಣ್ಣಿಗೆ ಬಿತ್ತು.

“ಇದರಲ್ಲೇನಿದೆ, ಮಾಂಜೀ?” ಎಂದು ಹಿಂದಿಯಲ್ಲಿ ಕೇಳಿದ.

“ದೇವರು.”

“ಮೊನ್ನೆ ಒಬ್ಬರೂ ಹೀಗೇ ಹೇಳಿದರು. ಶಿವಲಿಂಗ ಅಂತ ಗುಹೆಯ ಕಲ್ಲನ್ನೇ ಚೀಲಕ್ಕೆ ಹಾಕಿದ್ದರು.” ಅವನು ಕೈ ಚಾಚಿದ.

“ಹಾತ್ ನಕ್ಕೋ ಲಗಾವ್!” ತಾಯಿ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದರು.

ಅಮರೇಶಪ್ಪ ನಡುವೆ ಬಂದ. “ಬೇರೆಯವರು ಮುಟ್ಟುವಂತಿಲ್ಲ. ನಮ್ಮ ಜನ ಎಲ್ಲರೂ ಕಟ್ಟಿಕೊಳ್ಳುತ್ತೇವೆ, ಸಾಯುವವರೆಗೂ ತೆಗೆಯುವುದಿಲ್ಲ.”

“ಎಲ್ಲರೂ? ಹಾಗಾದರೆ ನಿಮ್ಮದು ತೋರಿಸಿ. ಅಮ್ಮನನ್ನು ಬಿಡುತ್ತೇನೆ.”

ಅಮರೇಶಪ್ಪನ ಕೈ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಶಿವದೇವಿ ನೆಲ ನೋಡಿದಳು.

“ಅವನನ್ನ ಬಿಡಪ್ಪ, ನಾ ತೋರಸ್ತೀನಿ,” ಎಂದು ಶರಣಬಸಮ್ಮ ಬಂಡೆಯ ಮೇಲೆ ಕುಳಿತು ಗಂಟು ಬಿಚ್ಚಿದರು. ಎಡ ಅಂಗೈಯಲ್ಲಿ ಎರಡು ಲಿಂಗಗಳಿದ್ದವು. ಒಂದೇ ಅಳತೆ, ಒಂದೇ ನುಣುಪು, ಕಪ್ಪಗೆ ಮಿನುಗುತ್ತಿದ್ದವು. “ಇದು ನಂದು. ಇದು ನನ್ನ ಮಗಂದು,” ಎಂದು ತಮ್ಮ ಹರಕು ಹಿಂದಿಯಲ್ಲಿ ಹೇಳಿದರು.

ಕಾವಲುಗಾರ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಗುಹೆಯ ಕಲ್ಲು ಹೀಗೆ ಜೋಡಿಯಾಗಿ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೈಮುಗಿದು ದಾರಿ ಬಿಟ್ಟ.

ಮೂವರೂ ಜೀಪಿನ ಹತ್ತಿರ ಬಂದರು.

“ಯಾವಾಗಿಂದವ್ವ?” ಎಂದ ಅಮರೇಶಪ್ಪ.

“ಬಂದ ವಾರದಾಗ ನಿನ್ನ ಅಂಗಿ ಮಡಚಿಡಾಕ ಹ್ವಾದೆ. ಹನಿ ನೀರು ಕಾಣದಂಗ ಒಂದ ಮೂಲ್ಯಾಗ ಕುಂತಿತ್ತು. ನಾ ಹೆಂಗೂ ದಿನಾ ಪೂಜಿ ಮಾಡತೀನಿ, ಅದಕ್ಕೂ ಆತು.”

“ನನ್ನ ಕೇಳಲೇ ಇಲ್ಲಲ್ಲ?”

“ಕೇಳಿದ್ರ ಸುಳ್ಳು ಹೇಳತಿದ್ದಿ. ಅದ್ಯಾಕ ಬೇಕು ಇಬ್ಬರಿಗೂ?”

ಅವನು ಎಡ ಅಂಗೈ ಚಾಚಿದ. ಶರಣಬಸಮ್ಮ ಮಗನ ಲಿಂಗವನ್ನು ಅದರಲ್ಲಿಟ್ಟು, ತಮ್ಮ ಸೆರಗಿನ ಅಂಚನ್ನು ಹರಿದು ಕಟ್ಟಲು ಕೊಟ್ಟರು.

“ಕಾರ್ಖಾನಿಗೆ ಹೋಗೂ ದಿನ ನನ್ನ ಕೈಯಾಗ ಕೊಟ್ಟು ಹೋಗು. ಈಗ ಆ ಗುಂಡಿ ಬಿಚ್ಚು, ಉಸಿರಾಡು.”