ಇಂಗ್ರಿಡ್ ಮಡಚಿದ ಪ್ಯಾರಾಚೂಟ್

ಸ್ವೀಡನ್ನಿನ ಶೋವ್ಡೆ ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಮೈತ್ರೇಯಿ ೨೦೦೬ರ ಬೇಸಿಗೆಯಲ್ಲಿ ವಿಮಾನದಿಂದ ಜಿಗಿಯುವುದನ್ನು ಕಲಿಯತೊಡಗಿದಳು. ತರಬೇತಿಯ ಶುಲ್ಕ ಕಟ್ಟಿದರೆ ಖರ್ಚು ಮುಗಿಯಿತೆಂದೇ ತಿಳಿದಿದ್ದಳು. ಆಮೇಲೆ ಗೊತ್ತಾಯಿತು: ಪ್ರತಿ ಸಲ ವಿಮಾನ ಹತ್ತಲು ಟಿಕೆಟ್, ಪ್ಯಾರಾಚೂಟಿಗೆ ಬಾಡಿಗೆ, ಅದನ್ನು ಮಡಚಿಕೊಡುವವರಿಗೆ ಬೇರೆ ಹಣ. ಮಳೆ ಹಿಡಿದು ಕೆಲವು ವಾರ ತಪ್ಪಿದರೆ ಶಿಕ್ಷಕರ ಜೊತೆ ಮತ್ತೆ ಜಿಗಿದು ತೋರಿಸಬೇಕು, ಅದಕ್ಕೂ ದುಡ್ಡು.

“ಆನೆ ತರೋದು ಸುಲಭ ಮೈತ್ರಿ, ದಿನಾ ಕಬ್ಬು ಹಾಕೋರು ಯಾರು?” ಎಂದ ಗಂಡ ಪ್ರಹ್ಲಾದ. ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಅವನು.

ಮಡಚುವ ಹಣವಾದರೂ ಉಳಿಯಲೆಂದು ಅವಳು ಜಿಗಿತ ಕಲಿಸುವ ಕ್ಲಬ್ಬಿನ ಇಂಗ್ರಿಡ್ ಬಳಿ ಆ ಕೆಲಸ ಕಲಿತಳು. ಆದರೆ ಆಪತ್ತಿಗೆಂದು ಬೆನ್ನಿಗಿರುವ ಎರಡನೆಯ ಪ್ಯಾರಾಚೂಟನ್ನು ಪರವಾನಗಿ ಇದ್ದ ಇಂಗ್ರಿಡ್ ಮಾತ್ರ ಮಡಚಬಹುದಿತ್ತು. ಆ ಕೂಲಿಯೂ ಬಾಡಿಗೆಯಲ್ಲಿ ಸೇರಿತ್ತು.

“ಯಾವತ್ತೂ ಬಿಚ್ಚದೇ ಇರೋದಕ್ಕೂ ದುಡ್ಡಾ?” ಎಂದು ಪ್ರಹ್ಲಾದ ನಕ್ಕಿದ್ದ.

ಆಗಸ್ಟಿನ ಒಂದು ಶನಿವಾರ ಅವನೂ ಮೈದಾನಕ್ಕೆ ಬಂದಿದ್ದ. ಮೇಲೆ ಅವಳು ತಾನೇ ಮಡಚಿದ್ದ ಪ್ಯಾರಾಚೂಟ್ ತೆರೆದುಕೊಂಡಿತು, ಆದರೆ ಒಂದು ಬದಿಯ ಹಗ್ಗಗಳು ಸಿಕ್ಕಾಗಿ ಬುಗುರಿಯಂತೆ ಸುತ್ತತೊಡಗಿತು. ತನಗೆ ಕಲಿಸಿಕೊಟ್ಟಿದ್ದಂತೆ ಮೈತ್ರೇಯಿ ಅದನ್ನು ಕಳಚಿ ಬಿಟ್ಟು, ಎರಡನೆಯದರ ಹಿಡಿ ಎಳೆದಳು. ಬಿಳಿ ಬಟ್ಟೆ ಬಿಚ್ಚಿಕೊಂಡಿತು. ಅವಳು ಬಾರ್ಲಿ ಹೊಲದಲ್ಲಿ ಇಳಿದಳು.

ಪ್ರಹ್ಲಾದ ಓಡಿಬಂದ. “ಕೈಕಾಲು ಸರಿ ಇದೆಯಾ?”

“ಇದೆ ಕಣೋ. ಆದ್ರೆ ಕ್ಲಬ್ಬಿನ ಪ್ಯಾರಾಚೂಟ್ ಕಾಡಿಗೆ ಹಾರೋಯ್ತು. ಅದರ ರೇಟ್ ಎಷ್ಟಿರುತ್ತೋ!”

“ಅದು ಹಾಳಾಗ್ಲಿ, ನೀನಿದೀಯಲ್ಲ,” ಎನ್ನುತ್ತ ಅವನು ಅಲ್ಲೇ ಕುಸಿದು ಅತ್ತ.

ಕ್ಲಬ್ಬಿನವರೆಲ್ಲ ಜಿಗಿತ ನಿಲ್ಲಿಸಿ ಕಾಡಿಗೆ ಹೊರಟರು. ಸಂಜೆಯ ಹೊತ್ತಿಗೆ ಸ್ಪ್ರೂಸ್ ಮರವೊಂದಕ್ಕೆ ಸಿಕ್ಕಿಕೊಂಡಿದ್ದ ಪ್ಯಾರಾಚೂಟನ್ನು ಹರಿಯದಂತೆ ಇಳಿಸಿದರು. ತನ್ನ ಶನಿವಾರ ಹಾಳಾಯಿತೆಂದು ಒಬ್ಬರೂ ಗೊಣಗಲಿಲ್ಲ. ಜೀವ ಉಳಿದವರು ಎರಡನೆಯದನ್ನು ಮಡಚಿದವರಿಗೆ ಒಂದು ಬಾಟಲಿ ಕೊಡುವುದು ಇಲ್ಲಿನ ವಾಡಿಕೆ ಎಂದು ಯಾರೋ ಹೇಳಿದರು.

ಮದ್ಯ ಮುಟ್ಟದ ಪ್ರಹ್ಲಾದ ಸೋಮವಾರ ಸರ್ಕಾರಿ ಮದ್ಯದಂಗಡಿಗೆ ಹೋಗಿ, “ನನ್ನ ಹೆಂಡತಿಯ ಜೀವ ಉಳಿಸಿದವರಿಗೆ ಕೊಡಬೇಕು. ಯಾವುದು ಒಳ್ಳೆಯದು?” ಎಂದು ಕೇಳಿದ. ಮಾರುವ ಹೆಂಗಸು ಹುಡುಕಿಕೊಟ್ಟದ್ದನ್ನು ಬೆಲೆ ನೋಡದೆ ತಂದ.

ಬಾಟಲಿ ಹಿಡಿದು ಮನೆಗೆ ಬಂದ ಇಬ್ಬರನ್ನೂ ಇಂಗ್ರಿಡ್ ಒಳಗೆ ಕರೆದು ಕಾಫಿ ಕೊಟ್ಟಳು. “ನಾನು ಮಡಚಿದ್ದೆ ಅಷ್ಟೇ. ಹೊತ್ತಿಗೆ ಸರಿಯಾಗಿ ಎಳೆದವಳು ಇವಳು,” ಎಂದಳು. ಧನ್ಯವಾದ ಹೇಳಲು ಬಂದಿದ್ದ ಮೈತ್ರೇಯಿ ಆಕೆಯ ಎರಡೂ ಕೈ ಹಿಡಿದುಕೊಂಡು ಕೂತಳು.

ಮುಂದಿನ ಶನಿವಾರ ಟಿಕೆಟ್ ಕೊಂಡವನು ಪ್ರಹ್ಲಾದನೇ. “ಇವತ್ತು ಮಡಚೋದಕ್ಕೂ ಕೊಟ್ಬಿಡ್ಲಾ?” ಎಂದ.

“ಬೇಡ, ನಾನೇ ಮಡಚ್ತೀನಿ. ಇಂಗ್ರಿಡ್ ಪಕ್ಕದಲ್ಲೇ ಇರ್ತಾರೆ.”

ಮೊಣಕಾಲೂರಿ ಒಂದೊಂದೇ ಹಗ್ಗ ಬಿಡಿಸಿ ಮಡಚುವಷ್ಟರಲ್ಲಿ ಅವಳು ಬೆವೆತುಹೋದಳು. ಮಧ್ಯಾಹ್ನ ಮೇಲೆ ಹೋದಳು. ಕೆಳಗೆ ಪ್ರಹ್ಲಾದ ಆಕಾಶದತ್ತಲೇ ನೋಡುತ್ತ ನಿಂತ. ಪ್ಯಾರಾಚೂಟ್ ನೇರವಾಗಿ ಅರಳಿತು.