ಲೀಲಮ್ಮನಿಗೆ ಪ್ರಾರ್ಥನೆ ಕೊಡಬೇಡಿ

ಹೆಸರು ಸಾತ್ವಿಕ್, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು ಈಗ ಗುರುಗ್ರಾಮದ ಆಫೀಸುಗಳಿಗೆ ಕ್ಯಾಬ್ ಓಡಿಸುತ್ತಿದ್ದ. ಭಾನುವಾರ ದಿಲ್ಲಿ ಪಕ್ಕದ ಗಾಜಿಯಾಬಾದಿನ ಹಿಂದಿ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ಕೂಡುವ ಕನ್ನಡ ಸಭೆಗೆ ಹಾಡು ಹೇಳಿಕೊಡುವವನೂ ಅವನೇ. ಅವನ ತಲೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಪಾಸ್ಟರ್ ದೇವೇಂದ್ರಪ್ಪನವರು ಮುಕ್ತಾಯದ ಪ್ರಾರ್ಥನೆಯನ್ನು ಪ್ರತಿ ವಾರ ಸಭೆಯ ಹಿರಿಯ ಹೆಂಗಸು ಲೀಲಮ್ಮನಿಗೇ ಏಕೆ ಕೊಡುತ್ತಾರೆ?

ಅದು ಪ್ರಾರ್ಥನೆಯೇ ಅಲ್ಲ, ದೇವರ ಹತ್ತಿರ ಹೇಳುವ ಚಾಡಿ. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಶುರು: "ಕರ್ತನೇ, ನಿನ್ನ ದಾಸನು ಪ್ರಸಂಗವನ್ನು ರಬ್ಬರಿನ ಹಾಗೆ ಎಳೆಯುತ್ತಾನೆ. ಮಕ್ಕಳು ಹಸಿದಿದ್ದಾವೆ. ಅವನಿಗೆ ಗಡಿಯಾರ ನೋಡುವ ಜ್ಞಾನ ಕೊಡು!" ಆ ದಾಸ, ಅಂದರೆ ಪಾಸ್ಟರೇ, ಎಲ್ಲರಿಗಿಂತ ಮೊದಲು "ಆಮೆನ್" ಅನ್ನುತ್ತಿದ್ದರು.

"ನಿಮಗೆ ಮಾನ ಮರ್ಯಾದೆ ಇಲ್ವಾ ಪಾಸ್ಟರ್?" ಸಾತ್ವಿಕ್ ಒಮ್ಮೆ ಕೇಳಿಯೇಬಿಟ್ಟ.

"ಇತ್ತಪ್ಪಾ, ಪಾಸ್ಟರ್ ಆಗೋಕ್ ಮುಂಚೆ." ಅವರು ನಕ್ಕರು. "ಮಂಡಿ ಆಪರೇಷನ್ನಿಗೆ ಹೋಗ್ತಿದೀನಿ. ವಾಪಸ್ ಬರೋ ತನಕ ಸಭೆ ನಿಂದು. ಒಬ್ಬರೂ ಚದುರಬಾರದು. ಪ್ರಾರ್ಥನೆ ಯಾರಿಗೆ ಕೊಡ್ತೀಯೋ, ನಿನ್ನಿಷ್ಟ."

ಸಾತ್ವಿಕ್ ಲೀಲಮ್ಮನ ಬಾಯಿಗೆ ಬೀಗ ಜಡಿದ. ಮುಕ್ತಾಯದ ಪ್ರಾರ್ಥನೆ ತಾನೇ ಮಾಡಿದ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮುಂದಿನ ವಾರ, ಮಗಳನ್ನು ಅವನ ಹತ್ತಿರ ಹಾಡು ಕಲಿಯಲು ಕಳಿಸುತ್ತಿದ್ದ ಮಯೂರಿಯ ಮನೆಯವರು ಬರಲಿಲ್ಲ. ಮರುವಾರ ಇನ್ನೆರಡು ಬೆಂಚು ಖಾಲಿ. ಚಹಾ ಕುಡಿಯುವಲ್ಲಿ ಗುಸುಗುಸು. ಅವನು ಹತ್ತಿರ ಹೋದರೆ ಎಲ್ಲರ ಬಾಯಲ್ಲೂ ಬಿಸ್ಕತ್ತು.

"ಯಾಕಕ್ಕಾ ಬರ್ತಿಲ್ಲ?" ಮಯೂರಿಗೆ ಫೋನ್ ಮಾಡಿದ.

"ಏನಿಲ್ಲಪ್ಪ. ಬಿಸಿಲು."

ದಿಲ್ಲಿಯ ಡಿಸೆಂಬರಿನಲ್ಲಿ ಬಿಸಿಲು! ಸಿಟ್ಟಿಗಿಂತ ಹೆಚ್ಚಾಗಿ ಈಗ ಕುತೂಹಲವೇ ಅವನನ್ನು ತಿನ್ನತೊಡಗಿತು. ಬೇರೆ ದಾರಿ ಕಾಣದೆ ಲೀಲಮ್ಮನನ್ನೇ ಹಿಡಿದ.

"ಏನಾಗಿದೆ ಇವರಿಗೆಲ್ಲಾ? ಹೇಳಿ ಆಂಟಿ."

"ಛೀ! ನಾನು ಯಾರ ಬೆನ್ನ ಹಿಂದೆನೂ ಮಾತಾಡೋಳಲ್ಲ," ಲೀಲಮ್ಮ ಸೆರಗು ಕೊಡವಿದಳು. "ಬೇಕಿದ್ರೆ ಪ್ರಾರ್ಥನೆ ಕೊಡು."

ಭಾನುವಾರ ಕೊಟ್ಟ.

"ಕರ್ತನೇ, ಹಾಡು ತಪ್ಪಿತೆಂದು ಈ ಹುಡುಗ ಮಯೂರಿಯ ಮಗಳನ್ನು ಎಲ್ಲರೆದುರು ಗದರಿಸಿದ. ದಿಲ್ಲಿಯಲ್ಲಿ ಹುಟ್ಟಿದ ಕೂಸು, ಕನ್ನಡ ಓದಲು ಬಾರದು. ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತದೆ. ಇವನೂ ಮೇಷ್ಟ್ರ ಬೈಗುಳಕ್ಕೆ ಹೆದರಿ ಶಾಲೆ ಬಿಟ್ಟವನೇ. ಅದನ್ನು ನೆನಪು ಮಾಡಿಕೊಡು, ಸ್ವಾಮಿ."

ಸಾತ್ವಿಕನ ಕಿವಿ ಬಿಸಿಯಾಯಿತು. ಸಭೆ ಉಸಿರು ಹಿಡಿದು ಕಾದಿತ್ತು. ಒಂದು ಕಣ್ಣು ತೆರೆದು ನೋಡಿದ. ಲೀಲಮ್ಮನ ಒಂದು ಕಣ್ಣೂ ತೆರೆದಿತ್ತು. ಇಷ್ಟು ದಿನ ಪಾಸ್ಟರ್ ಇದನ್ನು ಹೇಗೆ ನುಂಗಿದರೋ!

"ಆಮೆನ್," ಎಂದ. ಬೆಂಚುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು.

ಅಲ್ಲಿಂದ ಕ್ಯಾಬ್ ನೇರ ಮಯೂರಿಯ ಮನೆಗೆ. ಬಾಗಿಲು ತೆರೆದದ್ದು ಮಗಳೇ. ಸಾತ್ವಿಕ್ ಅವಳೆದುರು ಕುಕ್ಕರುಗಾಲಲ್ಲಿ ಕೂತ.

"ತಪ್ಪಾಯ್ತು ಪುಟ್ಟಿ. ಭಾನುವಾರ ಆ ಹಾಡು ನೀನೇ ಶುರು ಮಾಡ್ತೀಯಾ?"

ಅವಳು ಅನುಮಾನದಿಂದ ನೋಡಿದಳು. "ಫಿರ್ ಸೇ... ಮತ್ತೆ ಬೈತೀರಾ, ಭಯ್ಯಾ?"

"ಬೈದ್ರೆ ಲೀಲಮ್ಮ ಆಂಟಿಗೆ ಹೇಳು."

ಒಳಗಿನಿಂದ ಮಯೂರಿಯ ನಗು ಕೇಳಿಸಿತು. "ಒಳಗ್ ಬಾರೋ, ಚಳಿ ಇದೆ."